ಮೂರು ಸಲ ಅಗೆದ ಬೀದಿಗೆ ಈಗ ಕಾಂಕ್ರೀಟಂತೆ: ಕೆಲಸ ಶುರುವಾಗುವ ಮೊದಲು ಏನು ಕೇಳಬೇಕು?

ಪ್ರಶ್ನೆ: ಸಾರ್, ನಮ್ಮದು ಚಿಕ್ಕಮಗಳೂರಿನ ಹಳೇ ಪೇಟೆ ಕಡೆಯ ಒಂದು ಇಳಿಜಾರು ಬೀದಿ. ಮುಂದೆ ದಿನಸಿ ಅಂಗಡಿ, ಹಿಂದೆ ಮನೆ. ಸ್ವಲ್ಪ ವರ್ಷಗಳಲ್ಲೇ ಬೀದಿಯನ್ನು ಮೂರು ಸಲ ಅಗೆದರು. ಒಮ್ಮೆ ಒಳಚರಂಡಿಗೆ, ಒಮ್ಮೆ ನೀರಿನ ಪೈಪಿಗೆ, ಒಮ್ಮೆ ಕೇಬಲ್ಲಿಗೆ. ಈಗ ಇಡೀ ಬೀದಿಯನ್ನೇ ಹೊಸದಾಗಿ ಮಾಡುತ್ತಾರಂತೆ. ಕಾಂಕ್ರೀಟ್ ರಸ್ತೆ, ಎರಡೂ ಕಡೆ ಚರಂಡಿ, ಅದರ ಮೇಲೆ ಫುಟ್‌ಪಾತ್. ಖುಷಿಯೂ ಇದೆ, ಭಯವೂ ಇದೆ. ಈಗಾಗಲೇ ನಮ್ಮ ಹೊಸ್ತಿಲು ರಸ್ತೆಗಿಂತ ಒಂದು ಗೇಣು ಕೆಳಗಿದೆ. ಜೋರು ಮಳೆಗೆ ನೀರು ಅಕ್ಕಿ ಮೂಟೆವರೆಗೂ ಬರುತ್ತದೆ. ಇವರೆಲ್ಲ ಒಟ್ಟಿಗೆ ಯಾಕೆ ಅಗೆಯುವುದಿಲ್ಲ? ಡಾಂಬರು ಒಳ್ಳೆಯದೋ ಕಾಂಕ್ರೀಟೋ? ಫುಟ್‌ಪಾತ್ ಮಾಡಿದರೆ ಗಿರಾಕಿಗಳ ಗಾಡಿ ಎಲ್ಲಿ ನಿಲ್ಲಬೇಕು? ಕೆಲಸ ಶುರುವಾಗುವ ಮೊದಲು ನಾವು ಏನು ಕೇಳಬೇಕು?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಸಮಯ ಇರುವುದು ಈಗ ಮಾತ್ರ.

ಇವತ್ತು ಸಂಜೆ ಒಂದು ಚಿಕ್ಕ ಡಬ್ಬಿ ಕೆಂಪು ಪೇಂಟ್ ತಗೊಳ್ಳಿ. ಅಂಗಡಿ ಗೋಡೆ ಮೇಲೆ, ಹೊಸ್ತಿಲಿಗಿಂತ ಸರಿಯಾಗಿ ಮೂರು ಅಡಿ ಮೇಲೆ, ಒಂದು ಅಡ್ಡಗೆರೆ ಎಳೆಯಿರಿ. ಹೊಸ್ತಿಲ ಮಟ್ಟಕ್ಕೇ ಎಳೆದರೆ ಕೆಲಸದ ಗಡಿಬಿಡಿಯಲ್ಲಿ ಮಣ್ಣು ಮೆತ್ತಿ ಅಳಿಸಿಹೋಗುತ್ತದೆ, ಅದಕ್ಕೇ ಮೂರು ಅಡಿ ಮೇಲೆ. ಇಳಿಜಾರಿನ ಮೇಲ್ತುದಿಯ ಮನೆಯವರಿಗೂ ಕೆಳತುದಿಯವರಿಗೂ ಹೀಗೇ ಮಾಡಲು ಹೇಳಿ. ಪರಿಚಯದ ಮೇಸ್ತ್ರಿಯನ್ನು ಕರೆದು, ನೀರು ತುಂಬಿದ ಲೆವೆಲ್ ಪೈಪ್ ಹಿಡಿಸಿ, ಗೆರೆಯಿಂದ ರಸ್ತೆಯ ನಡುಭಾಗ ಎಷ್ಟು ಕೆಳಗಿದೆ ಅಂತ ಅಳೆಸಿ. ತಾರೀಖು ಹಾಕಿ ಬರೆದಿಡಿ, ಫೋಟೋ ತೆಗೆದಿಡಿ. ಒಂದು ಗಂಟೆ ಕೆಲಸ, ಅಷ್ಟೇ.

ಯಾಕಿಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಬೀದಿ ಕೆಲಸದಲ್ಲಿ ನಾನು ನೋಡಿದ ಜಗಳಗಳಲ್ಲಿ ಮುಕ್ಕಾಲು ಪಾಲು ಮಟ್ಟದ ಜಗಳ. ಕೆಲಸ ಮುಗಿದ ಮೇಲೆ ‘ರಸ್ತೆ ಎತ್ತರ ಆಯಿತು’ ಅಂತ ನೀವು, ‘ಮೊದಲೂ ಹೀಗೇ ಇತ್ತು’ ಅಂತ ಅವರು. ಹಳೇ ರಸ್ತೆ ಆಗ ಲಾರಿ ಹತ್ತಿ ಹೋಗಿರುತ್ತದೆ. ಸಾಕ್ಷಿ ಹೇಳಲು ಇರುವುದು ಆ ಗೆರೆ ಒಂದೇ.

ನಿಮ್ಮ ಹೊಸ್ತಿಲು ಕೆಳಗೆ ಇಳಿದಿಲ್ಲ, ರಸ್ತೆ ಮೇಲೆ ಬಂದಿದೆ. ಪ್ರತಿ ಸಲ ಡಾಂಬರು ಹಾಕುವಾಗ ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೇ ನಾಲ್ಕೈದು ಸೆಂಟಿಮೀಟರ್ ಹೊಸ ಪದರ ಹಾಕುತ್ತಾರೆ. ನಾಲ್ಕೈದು ಸಲಕ್ಕೆ ಒಂದು ಗೇಣು ಆಯಿತಲ್ವಾ? ಹಳೇ ಪೇಟೆಗಳಲ್ಲಿ ಜಗಲಿಗೆ ಎರಡು ಮೆಟ್ಟಿಲು ಹತ್ತುತ್ತಿದ್ದ ಮನೆಗಳಿಗೆ ಈಗ ಒಂದು ಮೆಟ್ಟಿಲು ಇಳಿಯಬೇಕಾಗಿದೆ. ಪದರ ಕೆರೆಯುವ ಯಂತ್ರ ಇದೆ. ಆದರೆ ಎಸ್ಟಿಮೇಟಿನಲ್ಲಿ ಆ ಬಾಬ್ತು ಬರೆಯದಿದ್ದರೆ ಕಂಟ್ರಾಕ್ಟರ್ ತನ್ನ ದುಡ್ಡಿನಲ್ಲಿ ಯಂತ್ರ ತರುವುದಿಲ್ಲ.

ಕಾಂಕ್ರೀಟಿಗೆ ಈ ಲೆಕ್ಕ ಇನ್ನೂ ಬಿಗಿ. ಊರೊಳಗಿನ ಬೀದಿಗೆ ಸಾಮಾನ್ಯವಾಗಿ 20 ಸೆಂ.ಮೀ. ದಪ್ಪದ ಕಾಂಕ್ರೀಟ್, ಅದರ ಕೆಳಗೆ ಗಟ್ಟಿ ಮಾಡಿದ ಜಲ್ಲಿ ಪದರ ಸುಮಾರು 15 ಸೆಂ.ಮೀ. ಅಂತ ಇಟ್ಟುಕೊಳ್ಳೋಣ. ಇದನ್ನು ಇರುವ ರಸ್ತೆ ಮೇಲೆ ಹಾಗೇ ಕೂರಿಸಿದರೆ ನಿಮ್ಮ ಅಂಗಡಿ ನೆಲಮಾಳಿಗೆ ಆಗುತ್ತದೆ. ಅದಕ್ಕೆ ಮೊದಲು ರಸ್ತೆಯನ್ನು ಪೆಟ್ಟಿಗೆ ಆಕಾರಕ್ಕೆ ಅಗೆದು ಇಳಿಸಬೇಕು. ಇದಕ್ಕೆ ಬಾಕ್ಸ್ ಕಟಿಂಗ್ ಅಂತಾರೆ. ಈ ಪದ ನೆನಪಿಡಿ. ‘ಬಾಕ್ಸ್ ಕಟಿಂಗ್ ಎಷ್ಟು ಆಳ ತಗೊಂಡಿದ್ದೀರಿ?’ ಅಂತ ಕೇಳಿದರೆ ಎದುರಿನ ಇಂಜಿನಿಯರ್ ನಿಮ್ಮನ್ನು ಬೇರೆ ಥರ ನೋಡುತ್ತಾರೆ.

ಎಷ್ಟು ಆಳ ಬೇಕು? ಹೊಸ ರಸ್ತೆಯ ಅಂಚು ನಿಮ್ಮ ಹೊಸ್ತಿಲಿಗಿಂತ 15 ಸೆಂ.ಮೀ. ಕೆಳಗಿರಬೇಕು ಅಂದುಕೊಳ್ಳಿ. ಈಗ ಅದು ಒಂದು ಗೇಣು, ಅಂದರೆ 22 ಸೆಂ.ಮೀ. ಮೇಲಿದೆ. ಎರಡೂ ಸೇರಿ 37. ಕಾಂಕ್ರೀಟು, ಜಲ್ಲಿ ಸೇರಿ 35. ಒಟ್ಟು 72 ಸೆಂ.ಮೀ. ಅಗೆಯಬೇಕು, ಎರಡು ಅಡಿಗಿಂತ ಜಾಸ್ತಿಯೇ ಆಯಿತು.

ಇಲ್ಲಿ ಒಂದು ತೊಡಕಿದೆ. ನೀರಿನ ಪೈಪನ್ನು ಸುಮಾರು ಒಂದು ಮೀಟರ್ ಆಳದಲ್ಲಿ ಹಾಕುವುದು ವಾಡಿಕೆ. 72 ಸೆಂ.ಮೀ. ಅಗೆದರೆ ದೊಡ್ಡ ಪೈಪ್ ಜೆಸಿಬಿ ಹಲ್ಲಿಗೆ ಒಂದು ಅಡಿಯಷ್ಟು ಹತ್ತಿರ ಬರುತ್ತದೆ. ಮನೆಮನೆಗೆ ಹೋಗುವ ಸಣ್ಣ ಪೈಪುಗಳು ಅದಕ್ಕಿಂತ ಮೇಲೆ ಇರುವುದರಿಂದ ಒಂದೂ ಉಳಿಯುವುದಿಲ್ಲ. ಮ್ಯಾನ್‌ಹೋಲ್‌ಗಳ ಕತ್ತನ್ನೂ ಕತ್ತರಿಸಿ ಇಳಿಸಬೇಕು. ಹಾಗಾಗಿ ಪೂರ್ತಿ ಎರಡು ಅಡಿ ಇಳಿಸಿ ಅಂತ ಹಟ ಹಿಡಿಯಬೇಡಿ. ನಿಮ್ಮ ಬೀದಿಗೆ ನನಗೆ ತೋರುವ ದಾರಿ ಇದು: ಹಳೇ ಡಾಂಬರಿನ ಪದರಗಳನ್ನೆಲ್ಲ ತೆಗೆದು, ಪೈಪುಗಳನ್ನು ಮುಟ್ಟದೆ ಎಷ್ಟು ಇಳಿಸಲು ಆಗುತ್ತೋ ಅಷ್ಟು ಇಳಿಸಲಿ. ಉಳಿದ ಕೊರತೆಗೆ ರಸ್ತೆಯನ್ನು ಎರಡೂ ಕಡೆ ವಾಲಿಸುವ ಬದಲು ಹೊಸ್ತಿಲು ಎತ್ತರ ಇರುವ ಸಾಲಿನ ಕಡೆಗೆ ಒಂದೇ ವಾಲು ಕೊಡಲಿ. ಏಳು ಮೀಟರ್ ಅಗಲದ ರಸ್ತೆಗೆ ನಡುವಿನಿಂದ ಎರಡೂ ಕಡೆ ವಾಲು ಕೊಟ್ಟರೆ ಅಂಚು ಏಳೆಂಟು ಸೆಂ.ಮೀ. ತಗ್ಗುತ್ತದೆ. ಅದೇ ಒಂದೇ ಕಡೆ ಕೊಟ್ಟರೆ ಎರಡು ಅಂಚುಗಳ ನಡುವೆ 14 ಸೆಂ.ಮೀ. ವ್ಯತ್ಯಾಸ ಸಿಗುತ್ತದೆ. ನೀರು ನಿಮ್ಮ ಬಾಗಿಲ ಕಡೆ ಬರದೆ ಎದುರಿನ ಚರಂಡಿಗೆ ಹೋಗುತ್ತದೆ. ಎದುರಿನವರ ಹೊಸ್ತಿಲೂ ತಗ್ಗಾಗಿದ್ದರೆ ಇದು ನಡೆಯದು. ಅದಕ್ಕೇ ಎಲ್ಲರ ಗೋಡೆಗೂ ಗೆರೆ ಎಳೆಯಿರಿ ಅಂದಿದ್ದು.

ಈಗ ‘ಒಟ್ಟಿಗೆ ಯಾಕೆ ಅಗೆಯಲ್ಲ’ ಎನ್ನುವ ಪ್ರಶ್ನೆ. ಇದನ್ನು ನನ್ನ ಮನೆಯವರೂ ಕೇಳುತ್ತಾರೆ.

ಒಂದು ಬೀದಿಗೆ ನಾಲ್ಕೈದು ಯಜಮಾನರು. ಒಳಚರಂಡಿ ಮತ್ತು ದೊಡ್ಡ ನೀರಿನ ಯೋಜನೆಗಳನ್ನು ನಮ್ಮ ಜಿಲ್ಲಾ ಊರುಗಳಲ್ಲಿ ಸಾಮಾನ್ಯವಾಗಿ ಮಾಡುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಬಡಾವಣೆಯ ರಸ್ತೆ, ಚರಂಡಿ, ಬೀದಿದೀಪ ನಗರಸಭೆಯದ್ದು. ಕರೆಂಟು ಮೆಸ್ಕಾಂನದ್ದು. ಟೆಲಿಫೋನ್, ಇಂಟರ್ನೆಟ್ ಕೇಬಲ್ ಕಂಪನಿಗಳದ್ದು. ಇನ್ನು ಕೆ.ಎಂ. ರಸ್ತೆ ಅಂತ ನಾವು ಕರೆಯುವ ಕಡೂರು–ಮಂಗಳೂರು ರಸ್ತೆಯಂತೂ ರಾಷ್ಟ್ರೀಯ ಹೆದ್ದಾರಿ 173. ಅಲ್ಲಿ ಗುದ್ದಲಿ ಹಾಕಬೇಕಾದರೆ ಹೆದ್ದಾರಿಯವರ ಒಪ್ಪಿಗೆ ಬೇಕು. ದುಡ್ಡು ಬರುವ ದಾರಿಯೂ ಬೇರೆ ಬೇರೆ. ಊರುಗಳ ನೀರು, ಒಳಚರಂಡಿಗೆ ದುಡ್ಡು ಕೊಡುವ ಕೇಂದ್ರದ ಅಮೃತ್ ಯೋಜನೆ 2015ರಲ್ಲಿ ಶುರುವಾಯಿತು, ಮೊದಲ ಪಟ್ಟಿಯಲ್ಲೇ ಚಿಕ್ಕಮಗಳೂರು, ಹಾಸನ ಎರಡೂ ಇದ್ದವು. ಅದರ ಎರಡನೇ ಕಂತು 2021ರಲ್ಲಿ ಬಂತು. ರಸ್ತೆಗೆ ರಾಜ್ಯದ ನಗರೋತ್ಥಾನ ಯೋಜನೆಯದ್ದೋ ಇನ್ಯಾವುದೋ ದುಡ್ಡು. ಒಂದೊಂದಕ್ಕೂ ಬೇರೆ ಟೆಂಡರು, ಬೇರೆ ಗಡುವು. ರಸ್ತೆಯ ದುಡ್ಡು ಮೊದಲು ಬಂದುಬಿಟ್ಟರೆ ‘ಪೈಪ್ ಬರುವವರೆಗೆ ಕಾಯೋಣ’ ಅಂತ ಹೇಳುವ ಧೈರ್ಯ ಯಾರಿಗೂ ಇರುವುದಿಲ್ಲ. ಮಾರ್ಚ್ ಒಳಗೆ ಖರ್ಚಾಗದಿದ್ದರೆ ದುಡ್ಡು ವಾಪಸ್ ಹೋದೀತು ಎನ್ನುವ ಭಯ.

ಕೆಲಸದ ಲೆಕ್ಕದಲ್ಲಿ ಸರಿಯಾದ ಕ್ರಮ ಒಂದೇ: ಆಳದ್ದು ಮೊದಲು. ಬೀದಿಯೊಳಗಿನ ಒಳಚರಂಡಿಯ ಕೊಳಚೆಯನ್ನು ಪಂಪು ತಳ್ಳುವುದಿಲ್ಲ, ಅದು ತಾನೇ ಇಳಿಜಾರಿನಲ್ಲಿ ಹೋಗಬೇಕು. ಆ ಪೈಪಿನ ವಾಲು ಎಲ್ಲೂ ತಪ್ಪುವಂತಿಲ್ಲ. ವಾಲು ಕಮ್ಮಿಯಾದರೆ ಗಸಿ ಕೆಳಗೆ ಕೂತು ಕಟ್ಟಿಕೊಳ್ಳುತ್ತದೆ. ನಲ್ಲಿ ನೀರು ಒತ್ತಡದಲ್ಲಿ ಬರುತ್ತದೆ, ಅದರ ಪೈಪ್ ಸ್ವಲ್ಪ ಮೇಲೆ ಕೆಳಗೆ ಬಾಗಿದರೂ ನಡೆಯುತ್ತದೆ. ಅದಕ್ಕೆ ಒಳಚರಂಡಿ ಮೊದಲು, ಆಮೇಲೆ ಮಳೆನೀರಿನ ಚರಂಡಿ, ಆಮೇಲೆ ನಲ್ಲಿ ಪೈಪು, ಕೊನೆಗೆ ಕೇಬಲ್ಲು. ನಿಮ್ಮ ಬೀದಿಯನ್ನು ಅಗೆದ ಕ್ರಮ ನೋಡಿದರೆ, ಚರಂಡಿ ಕೊನೆಗೆ ಬಂದಿದ್ದೊಂದು ಬಿಟ್ಟರೆ, ಅದೇನೂ ತಪ್ಪಿಲ್ಲ. ತಪ್ಪಿರುವುದು ಮುಚ್ಚಿದ್ದರಲ್ಲಿ ಇರಬಹುದು.

ಮುಚ್ಚುವ ವಿಷಯಕ್ಕೆ ನನ್ನದೇ ಕಥೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಲೆನಾಡಿನ ಒಂದು ಸಣ್ಣ ಊರಿನಲ್ಲಿ, ಮೇ ಕೊನೆಯ ವಾರ ಪೈಪ್ ಗುಂಡಿ ಮುಚ್ಚಿಸಿ ಮೇಲೆ ಡಾಂಬರು ಹಾಕಿಸಿದೆ. ಮಣ್ಣನ್ನು 15–20 ಸೆಂ.ಮೀ. ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ಒಂದೊಂದನ್ನೂ ದಮ್ಮಸ್ಸು ಮಾಡಬೇಕಿತ್ತು. ಮಳೆ ಬರುತ್ತದೆ ಅನ್ನುವ ಅವಸರದಲ್ಲಿ ಜೆಸಿಬಿಯಿಂದ ಒಂದೇ ಸಲ ತಳ್ಳಿಸಿ, ಮೇಲೆ ರೋಲರ್ ಓಡಿಸಿದರು. ನಾನು ಅಲ್ಲೇ ನಿಂತಿದ್ದೆ, ಸಹಿಯೂ ಹಾಕಿದೆ. ಆರಿದ್ರಾ ಮಳೆ ಹಿಡಿದ ನಾಲ್ಕನೇ ದಿನ ಪೈಪ್ ಹೋದ ದಾರಿಯುದ್ದಕ್ಕೂ ರಸ್ತೆ ಕುಸಿಯಿತು. ಪಕ್ಕದ ಮಹಡಿ ಮೇಲೆ ನಿಂತು ನೋಡಿದರೆ ಪೈಪಿನ ನಕ್ಷೆ ಬಿಡಿಸಿಟ್ಟ ಹಾಗಿತ್ತು. ಬೆಳಗಿನ ಹಾಲಿನ ಗಾಡಿ ಅದರಲ್ಲಿ ಹೂತುಕೊಂಡಿತ್ತು. ಆ ಗಾಡಿಯವರು ಬೈದಿದ್ದು ಇವತ್ತಿಗೂ ಕಿವಿಯಲ್ಲಿದೆ.

ಹಾಗಾಗಿ ನಿಮ್ಮ ಬೀದಿಯ ಮೂರೂ ಗುಂಡಿಗಳ ಮೇಲೆ ಒಂದು ಮಳೆಗಾಲ ಪೂರ್ತಿ ಹೋಗಿದೆಯಾ ನೋಡಿ. ಹೋಗಿದ್ದರೆ ಮಣ್ಣು ಬಹುಮಟ್ಟಿಗೆ ಕೂತಿರುತ್ತದೆ. ಕೇಬಲ್ಲಿನದ್ದು ಈಚಿನದ್ದಾಗಿದ್ದರೆ ಆ ಪಟ್ಟಿಯನ್ನು ಮತ್ತೆ ಅಗೆದು ದಮ್ಮಸ್ಸು ಮಾಡಿಸಿ ಅಂತ ಬರವಣಿಗೆಯಲ್ಲಿ ಕೇಳಿ. ಕಾಂಕ್ರೀಟ್ ಅಡಿಯಲ್ಲಿ ಮಣ್ಣು ಕುಸಿದರೆ ಡಾಂಬರಿನ ಹಾಗೆ ತಕ್ಷಣ ಗೊತ್ತಾಗುವುದಿಲ್ಲ. ಒಳಗೆ ಪೊಳ್ಳಾಗಿ, ಯಾವತ್ತೋ ಒಂದು ದಿನ ತುಂಬಿದ ಲಾರಿ ಬಂದಾಗ ಒಡೆಯುತ್ತದೆ.

ಇನ್ನೊಂದು ಮುಖ್ಯ ಮಾತು. ಕಾಂಕ್ರೀಟ್ ಹಾಕುವ ಮೊದಲು ಬೀದಿಯ ಪ್ರತಿ ಮನೆಗೂ, ಖಾಲಿ ಸೈಟಿಗೂ ಸೇರಿ, ನೀರಿನ ಮತ್ತು ಒಳಚರಂಡಿಯ ಕನೆಕ್ಷನ್ ಅಂಚಿನವರೆಗೆ ಎಳೆದಿರಬೇಕು. ‘ಆಮೇಲೆ ತಗೊಳ್ತೀವಿ’ ಅಂದವರೇ ಆರು ತಿಂಗಳಿಗೆ ಹೊಸ ರಸ್ತೆ ಕತ್ತರಿಸುತ್ತಾರೆ. ಎರಡು ಅಂಚಿನ ನಡುವೆ ಅಲ್ಲಲ್ಲಿ ಖಾಲಿ ಪಿವಿಸಿ ಪೈಪುಗಳನ್ನು ಅಡ್ಡ ಹೂತಿಟ್ಟರೆ ಮುಂದೆ ಬರುವ ಕೇಬಲ್ಲಿನವರಿಗೆ ಅಗೆಯುವ ಕೆಲಸವೇ ಇರುವುದಿಲ್ಲ. ಇದಕ್ಕೆ ತಗಲುವ ದುಡ್ಡು ತೀರಾ ಕಮ್ಮಿ. ಇಷ್ಟು ಅಗ್ಗದ್ದು ಎಸ್ಟಿಮೇಟಿನಲ್ಲಿ ಯಾಕೆ ತಪ್ಪಿಹೋಗುತ್ತದೋ ದೇವರಿಗೇ ಗೊತ್ತು.

ನಲ್ಲಿ ನೀರಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಊರಿಗೆ ನೀರು ಬರುವುದು ಹಿರೇಕೊಳಲೆ ಕೆರೆಯಿಂದ ಮತ್ತು ಯಗಚಿಯಿಂದ. ಯಗಚಿ ಹುಟ್ಟುವುದು ನಮ್ಮ ಬಾಬಾಬುಡನ್ ಗಿರಿಸಾಲಿನಲ್ಲೇ. ಅದು ಬೇಲೂರಿಗೆ ಇಳಿದ ಮೇಲೆ ಅಣೆಕಟ್ಟಿನಿಂದ ಕರೆಂಟು ಸುಟ್ಟು ವಾಪಸ್ ಎತ್ತಿಕೊಳ್ಳುತ್ತೇವೆ. ಇಷ್ಟು ಕಷ್ಟಪಟ್ಟು ತಂದ ನೀರು ಕೆಡುವುದು ಕೊನೆಯ ಇಪ್ಪತ್ತು ಅಡಿಯಲ್ಲಿ. ನೀರು ನಿಲ್ಲಿಸಿದಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಆಗ ಸಡಿಲ ಜಾಯಿಂಟಿನ ಸುತ್ತ ಏನಿದೆಯೋ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಪೈಪ್ ಚರಂಡಿಯೊಳಗೇ ಹಾದುಹೋಗಿದ್ದರೆ ಏನು ಒಳಗೆ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹೊಸ ಚರಂಡಿ ಕಟ್ಟುವಾಗ ಮನೆ ಪೈಪುಗಳನ್ನು ಗೋಡೆ ತೂತು ಮಾಡಿ ಚರಂಡಿಯೊಳಗೆ ದಾಟಿಸುವುದು ಸುಲಭದ ದಾರಿ. ಅದಕ್ಕೆ ಒಪ್ಪಬೇಡಿ. ಚರಂಡಿಯ ತಳದ ಅಡಿಯಿಂದಲೂ ಬೇಡ. ಮೇಲಿನಿಂದ, ಚಪ್ಪಡಿ ಮಟ್ಟದಲ್ಲಿ, ಒಂದು ದಪ್ಪ ಪೈಪಿನೊಳಗೆ ಹಾಯಿಸಿ ದಾಟಿಸಲಿ.

ಡಾಂಬರೋ ಕಾಂಕ್ರೀಟೋ? ಇಳಿಜಾರು ಬೀದಿ, ಮಲೆನಾಡಿನ ಅಂಚಿನ ಮಳೆ. ನಾನಾದರೆ ಕಾಂಕ್ರೀಟಿಗೇ ಕೈ ಎತ್ತುತ್ತೇನೆ, ಆದರೆ ಕೆಳಗಿನ ಕೆಲಸಗಳೆಲ್ಲ ಮುಗಿದಿದ್ದರೆ ಮಾತ್ರ. ಮುಗಿಯದಿದ್ದರೆ ಡಾಂಬರೇ ವಾಸಿ, ಕತ್ತರಿಸಿ ತೇಪೆ ಹಾಕುವುದು ಸಲೀಸು. ಸುರಿದು ಹರಿದುಹೋಗುವ ಮಳೆ ಡಾಂಬರಿಗೆ ಅಷ್ಟೇನೂ ತೊಂದರೆ ಮಾಡುವುದಿಲ್ಲ. ನೀರು ನಿಂತರೆ ಕೆಡುಕು. ಬಿರುಕಿನಲ್ಲಿ ಇಳಿದ ನೀರಿನ ಮೇಲೆ ಟಯರ್ ಹತ್ತಿದಾಗ ನೀರಿಗೆ ಓಡಲು ಜಾಗ ಇರುವುದಿಲ್ಲ. ಆ ಒತ್ತಡಕ್ಕೆ ಜಲ್ಲಿಗೆ ಅಂಟಿದ ಡಾಂಬರು ಸುಲಿದು ಬರುತ್ತದೆ. ಮೊದಲು ಜಲ್ಲಿ ಏಳುತ್ತದೆ, ಹದಿನೈದು ದಿನಕ್ಕೆ ಗುಂಡಿ.

ಡಾಂಬರೇ ಆದರೆ ಇನ್ನೊಂದು ಪಂಚಾಯಿತಿ ಇದೆ. ಮಿಕ್ಸ್ ಹರಡುವಾಗ ಸುಮಾರು 140 ಡಿಗ್ರಿ ಬಿಸಿ ಇರಬೇಕು. ದೂರದ ಪ್ಲಾಂಟಿನಿಂದ ಟಾರ್ಪಾಲ್ ಇಲ್ಲದೆ ಬಂದ ಲಾರಿಯಲ್ಲಿ ಆ ಬಿಸಿ ಉಳಿದಿರುವುದಿಲ್ಲ. ಹೊಗೆ ಆಡದೆ ಗಟ್ಟಿ ಗಟ್ಟಿಯಾಗಿ ಬೀಳುತ್ತಿದ್ದರೆ ತಣ್ಣಗಾಗಿದೆ ಅಂತಲೇ ಲೆಕ್ಕ.

ಕಾಂಕ್ರೀಟಿನ ಬಗ್ಗೆ ನಮ್ಮ ಊರಿನವರಿಗೆ ಜಾಸ್ತಿ ಪಾಠ ಬೇಕಿಲ್ಲ. ಕಾಫಿ ಕಣಕ್ಕೆ ಕಾಂಕ್ರೀಟ್ ಹಾಕಿಸಿದ ಯಾವ ತೋಟದವರನ್ನಾದರೂ ಕೇಳಿ. ನೀರು ಜಾಸ್ತಿ ಹಾಕಿ ತೆಳ್ಳಗೆ ಕಲಸಿದರೆ ಮೇಲ್ಮೈ ಮೊದಲ ವರ್ಷವೇ ಪುಡಿ ಏಳುತ್ತದೆ, ಒಣಗುವ ಕಾಯಿಗೆಲ್ಲ ಸಿಮೆಂಟ್ ಧೂಳು. ಗೋಣಿಚೀಲ ಹೊದಿಸಿ ನೀರು ಹಾಕದಿದ್ದರೆ ಬಿರುಕು. ರಸ್ತೆಗೂ ಅದೇ ನಿಯಮ. ಎರಡು ವಾರ ಒದ್ದೆ ಇಡಬೇಕು. ಪೂರ್ತಿ ಗಟ್ಟಿತನಕ್ಕೆ 28 ದಿನ ಅಂತ ಲೆಕ್ಕ, ಅಲ್ಲಿಯವರೆಗೆ ಲಾರಿ ಬೇಡ. ಹಾಕಿದ ಒಂದು ದಿನದೊಳಗೆ ನಾಲ್ಕು, ನಾಲ್ಕೂವರೆ ಮೀಟರಿಗೆ ಒಂದರಂತೆ ಯಂತ್ರದಲ್ಲಿ ಅಡ್ಡಗೀರು ಕೊಯ್ಯಬೇಕು. ಕಾಂಕ್ರೀಟ್ ಕುಗ್ಗುವಾಗ ಹೇಗಿದ್ದರೂ ಬಿರಿಯುತ್ತದೆ. ಗೀರು ಇದ್ದರೆ ಅಲ್ಲೇ ಬಿರಿಯುತ್ತದೆ, ಇಲ್ಲದಿದ್ದರೆ ಮನಸ್ಸಿಗೆ ಬಂದ ಕಡೆ. ಇಳಿಜಾರಾದ್ದರಿಂದ ಮೇಲ್ಮೈಯನ್ನು ಅಡ್ಡಡ್ಡ ಒರಟು ಮಾಡಿಸಿ. ನುಣ್ಣಗೆ ತೇಯ್ದುಬಿಟ್ಟರೆ ಜುಲೈ ಜಡಿಮಳೆಗೆ ಪಾಚಿ ಹಿಡಿದು ಸ್ಕೂಟರ್‌ಗಳು ಸಾಲಾಗಿ ಬೀಳುತ್ತವೆ.

ಯಾವಾಗ ಕೆಲಸ ಅನ್ನುವುದೂ ಕೇಳಬೇಕಾದ್ದೇ. ನಮ್ಮ ಕಡೆ ನೆಮ್ಮದಿಯಾಗಿ ರಸ್ತೆ ಕೆಲಸ ಮಾಡಲು ಸಿಗುವುದು ದೀಪಾವಳಿ ಕಳೆದು ಮೇ ಅರ್ಧದವರೆಗೆ. ಅದೇ ಕಾಲಕ್ಕೆ ಕಾಫಿ ಕೊಯ್ಲು. ನವೆಂಬರಿನಿಂದ ಅರೇಬಿಕಾ, ಆಮೇಲೆ ಮಾರ್ಚ್‌ವರೆಗೆ ರೋಬಸ್ಟಾ. ಆಳು ಸಿಗುವುದಿಲ್ಲ. ಕೆಲಸದ ಆದೇಶ ಏಪ್ರಿಲ್‌ನಲ್ಲಿ ಸಿಕ್ಕಿದರೆ ನನ್ನ ಸಲಹೆ ಸ್ವಲ್ಪ ವಿಚಿತ್ರ ಅನ್ನಿಸಬಹುದು: ಈ ವರ್ಷ ಚರಂಡಿ ಮಾತ್ರ ಮಾಡಿ ಅನ್ನಿ. ಒಂದು ಮಳೆಗಾಲ ಚರಂಡಿಯಲ್ಲಿ ನೀರು ಹೇಗೆ ಹೋಗುತ್ತದೆ ನೋಡಿ ಮುಂದಿನ ಡಿಸೆಂಬರಿನಲ್ಲಿ ರಸ್ತೆ. ಕೆಸರಿನಲ್ಲಿ ಒಂದು ವರ್ಷ ಜಾಸ್ತಿ ಓಡಾಡಬೇಕು, ಒಪ್ಪಿದೆ. ಅಗೆದಿಟ್ಟ ಬೀದಿಯಲ್ಲಿ ಪುನರ್ವಸು, ಪುಷ್ಯ ಮಳೆ ಅನುಭವಿಸುವುದಕ್ಕಿಂತ ಅದು ವಾಸಿ.

ಆ ಚರಂಡಿಯಲ್ಲಿ ನೋಡಬೇಕಾದ್ದು ಕಿಂಡಿ. ಫುಟ್‌ಪಾತ್ ಅಡಿಯಲ್ಲಿ ಒಳ್ಳೇ ಚರಂಡಿ ಕಟ್ಟಿ, ರಸ್ತೆಯ ನೀರು ಅದರೊಳಗೆ ಇಳಿಯಲು ತೂತೇ ಬಿಡದ ಕೆಲಸಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಬಿಟ್ಟರೂ ಅಂಗೈ ಅಗಲ. ಇಳಿಜಾರಿನಲ್ಲಿ ನೀರಿಗೆ ವೇಗ ಇರುತ್ತದೆ, ಅದು ಸಣ್ಣ ಕಿಂಡಿಯನ್ನು ಮೂಸಿಯೂ ನೋಡದೆ ಮುಂದೆ ಓಡುತ್ತದೆ. ನಿಮ್ಮಂಥ ಬೀದಿಗೆ ರಸ್ತೆಗೆ ಅಡ್ಡವಾಗಿ ಕಬ್ಬಿಣದ ಜಾಲರಿ ಮುಚ್ಚಿದ ಕಾಲುವೆಗಳು ಬೇಕು. ಮೇಲ್ಭಾಗದಲ್ಲಿ ಒಂದು, ಕೆಳಗಿನ ತಿರುವಿಗೆ ಮೊದಲು ಒಂದು. ತೋಟದಲ್ಲಿ ಇಳಿಜಾರಿಗೆ ಅಡ್ಡ ತೊಟ್ಟಿಲು ಗುಂಡಿ ತೆಗೆಯುವುದಿಲ್ಲವೇ, ನೀರಿನ ಓಟ ಮುರಿಯಲು? ಹಾಗೇ. ಕೊನೆಗೆ ಈ ಚರಂಡಿ ಎಲ್ಲಿ ಸೇರುತ್ತದೆ ಅಂತ ಒಂದು ಸಲ ನಡೆದೇ ಹೋಗಿ ನೋಡಿ. ಕೆಳಗಿನ ಮೋರಿ ಸಣ್ಣದಾಗಿದ್ದರೆ ನಿಮ್ಮ ಹೊಸ ಚರಂಡಿ ಬೀದಿಯ ನೀರನ್ನೆಲ್ಲ ಬೇಗ ಒಯ್ದು ಕೆಳಗಿನವರ ಮನೆಗೆ ನುಗ್ಗಿಸುತ್ತದೆ. ಅದು ಯಾವುದಾದರೂ ಕೆರೆಗೆ ಸೇರುವುದಾದರೆ ಅಡುಗೆಮನೆ, ಬಚ್ಚಲಿನ ನೀರು ಅದಕ್ಕೆ ಬಿಡುವಂತೆಯೇ ಇಲ್ಲ. ಬಸವನಹಳ್ಳಿ ಕೆರೆ, ಕೋಟೆ ಕೆರೆ ಊರ ಮಧ್ಯೆ ಇರುವುದು ನಮ್ಮ ಪುಣ್ಯ.

ಫುಟ್‌ಪಾತ್ ವಿಷಯದಲ್ಲಿ ನಾನು ನಿಮ್ಮ ಪರ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ದಿನಸಿ ಅಂಗಡಿಗೆ ಬರುವವರಲ್ಲಿ ಜಾಸ್ತಿ ಜನ ಅದೇ ಬೀದಿಯವರು, ನಡೆದು ಬರುವವರು. ಅಂಗಡಿ ಮುಂದೆ ದಿನವಿಡೀ ನಿಲ್ಲುವ ಬೈಕ್ ಯಾರದ್ದು ಅಂತ ಒಂದು ವಾರ ಗಮನಿಸಿ. ಬಹಳ ಸಲ ಅದು ಅಂಗಡಿಯವರದ್ದೇ, ಇಲ್ಲವೇ ಮೇಲಿನ ಆಫೀಸಿನವರದ್ದು. ರಸ್ತೆ ಕೆಲಸಕ್ಕೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ನಿಯಮದಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಡೆತಡೆ ಇಲ್ಲದ ಅಗಲ ಬೇಕು, ಎತ್ತರ 15 ಸೆಂ.ಮೀ. ಮೀರಬಾರದು. ಎತ್ತರದ ಮಾತು ಗಟ್ಟಿಯಾಗಿ ಹಿಡಿಯಿರಿ. ಒಂದಡಿ ಎತ್ತರದ ಫುಟ್‌ಪಾತ್ ಮೇಲೆ ವಯಸ್ಸಾದವರು ಹತ್ತುವುದಿಲ್ಲ, ರಸ್ತೆಯಲ್ಲೇ ನಡೆಯುತ್ತಾರೆ. ಬೀದಿ ಸಾಕಷ್ಟು ಅಗಲ ಇದ್ದರೆ ಒಂದು ಬದಿಯಲ್ಲಿ ಹತ್ತು ನಿಮಿಷ ನಿಲ್ಲಿಸಲು ಜಾಗ ಕೇಳಿ. ಎರಡೂ ಬದಿಗೆ ಕೇಳಬೇಡಿ. ಇಂಟರ್‌ಲಾಕ್ ಹಾಕುವುದಾದರೆ ಬರೀ ನಡೆಯುವ ಜಾಗಕ್ಕೆ 60 ಮಿ.ಮೀ. ದಪ್ಪದ್ದು ಸಾಕು, ಗಾಡಿ ಹತ್ತುವ ಗೇಟಿನ ಮುಂದೆ 80 ಮಿ.ಮೀ. ಬೇಕು. ಸೊಪ್ಪು, ಹೂ ಮಾರುವವರನ್ನು ಎಬ್ಬಿಸಿ ಅಂತ ಅರ್ಜಿ ಕೊಡುವ ಯೋಚನೆ ಇದ್ದರೆ ಬಿಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಅವರಿಗೂ ಹಕ್ಕಿದೆ. ನಕ್ಷೆಯಲ್ಲೇ ಅವರಿಗೊಂದು ಜಾಗ ಗುರುತು ಮಾಡಿಸುವುದು ಎಲ್ಲರಿಗೂ ನೆಮ್ಮದಿ.

ಬೆಂಗಳೂರಿನ ಚರ್ಚ್ ಸ್ಟ್ರೀಟ್ ಥರ ಕಲ್ಲು ಹಾಸಿ ಅಂತ ನಿಮ್ಮ ಬೀದಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು 2018ರಲ್ಲಿ ತಯಾರಾದಾಗ ನಾನೂ ಹೋಗಿ ನೋಡಿ ಬಂದೆ. ಚೆನ್ನಾಗಿದೆ. ನಡೆಯುವವರ ಬೀದಿಗೆ ಅದು ಸರಿ. ದಿನಾ ಅಕ್ಕಿ ಲಾರಿ ಏರುವ ಇಳಿಜಾರಿಗೆ ಸುಮ್ನೆ ತಲೆನೋವು.

ಕಾಗದದ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಎಸ್ಟಿಮೇಟು, ನಕ್ಷೆ, ಕೆಲಸದ ಆದೇಶ ಈ ಮೂರರ ಪ್ರತಿ ಕೇಳಿ. ಬಾಯಿಮಾತಿಗೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಟೆಂಡರ್ ಕಾಗದದಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಒಂದು ಸಾಲು ಇರುತ್ತದೆ. ಆ ಅವಧಿ ಮುಗಿಯುವವರೆಗೆ ಕೆಟ್ಟದ್ದನ್ನು ಕಂಟ್ರಾಕ್ಟರ್ ತನ್ನ ಖರ್ಚಿನಲ್ಲೇ ಸರಿ ಮಾಡಬೇಕು. ಅದು ಮುಗಿಯುವ ತಾರೀಖನ್ನು ಅಂಗಡಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಒಂದು ತಿಂಗಳು ಮೊದಲು ಬೀದಿಯವರೆಲ್ಲ ಸೇರಿ ನಡೆದು ನೋಡಿ ದೂರು ಕೊಡಿ. ಆಮೇಲೆ ಕೊಟ್ಟರೆ ರಿಪೇರಿಯ ಖರ್ಚು ಮತ್ತೆ ನಮ್ಮ ತೆರಿಗೆ ದುಡ್ಡಿನಿಂದಲೇ.

ಕೆಲಸ ನಡೆಯುವಾಗ ನಿಮ್ಮ ಬಾಗಿಲ ಮುಂದೆ ಗುಂಡಿ ದಾಟಲು ಹಲಗೆ ಹಾಕಿಕೊಡುವುದು ಅವರ ಕರ್ತವ್ಯ. ಬೀದಿಯನ್ನು ಅರ್ಧರ್ಧ ಅಗಲ ಮಾಡಿ ಮುಗಿಸಿದರೆ ವ್ಯಾಪಾರ ಪೂರ್ತಿ ನಿಲ್ಲುವುದಿಲ್ಲ, ಅದನ್ನು ಮೊದಲೇ ಮಾತಾಡಿಕೊಳ್ಳಿ. ಇನ್ನು ನಿಮ್ಮ ಅಂಗಡಿ ಮುಂದಿನ ಚರಂಡಿ ಚಪ್ಪಡಿಗಳನ್ನು ಸಿಮೆಂಟಿನಿಂದ ಕೂರಿಸಲು ಬಿಡಬೇಡಿ. ನೋಡಲು ಚೆಂದ ಅಂತ ಅದರ ಮೇಲೆ ಟೈಲ್ಸ್ ಹಾಕಿಸುವ ಆಸೆ ನಿಮಗೂ ಬರಬಹುದು. ಹೂಳು ತೆಗೆಯಲು ಬರುವವರು ಇಬ್ಬರು ಸೇರಿ ಎತ್ತುವಷ್ಟು ತೂಕದ ಚಪ್ಪಡಿ, ಕೊಕ್ಕೆ ಹಾಕಲು ಎರಡು ತೂತು, ಅಷ್ಟು ಸಾಕು.